ಮನೆಯ ಮಾತು, ಶಾಲೆಯ ಅಕ್ಷರ

ಶತಮಾನ ಪೂರೈಸಿದ ದೇವಾಲಯವೊಂದರ ಚರಿತ್ರೆಯನ್ನು ಬರೆಯುವಾಗ ಅಡಿಗಲ್ಲು ಇಟ್ಟವರನ್ನೂ, ಗಂಟೆಯನ್ನು ದಾನಮಾಡಿದವರನ್ನೂ, ಒಬ್ಬರಾದ ಮೇಲೊಬ್ಬರಂತೆ ಸೇವೆ ಸಲ್ಲಿಸಿದ ವಿಗಾರರನ್ನೂ ಸ್ಮರಿಸುವುದು ನಮ್ಮ ಕರ್ತವ್ಯ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಆ ಕಾರ್ಯ ನಡೆದಿದೆ. ಆದರೆ ಕರಾವಳಿಯ ಯಾವುದೇ ಹಳೆಯ ಇಗರ್ಜಿಯ ಆವರಣದಲ್ಲಿ ಇನ್ನೊಂದು ಚರಿತ್ರೆಯೂ ಅಡಗಿದೆ. ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕ ಲ್ಯಾಟಿನ್ ಭಾಷೆಯಲ್ಲಿದೆ. ಸಿಮಿತ್ರಿಯ ಕಲ್ಲುಗಳ ಮೇಲೆ ಕನ್ನಡ ಅಕ್ಷರಗಳಲ್ಲಿ ಕೆತ್ತಿದ ಕೊಂಕಣಿ ಇದೆ. ಪಕ್ಕದ ಹಳೆಯ ಶಾಲೆಯ ಹಾಜರಿ ಪುಸ್ತಕ ಕನ್ನಡದ್ದು. ಹೊಸ ಶಾಲೆಯ ಫಲಕ ಇಂಗ್ಲಿಷಿನದು. ಆವರಣದ ಗೋಡೆ ದಾಟಿ ಗದ್ದೆಗೋ ಸಂತೆಗೋ ಹೋದರೆ ಕಿವಿಗೆ ಬೀಳುವುದು ತುಳು. ಒಂದೇ ಅಂಗಳದಲ್ಲಿ ಐದು ಭಾಷೆಗಳು! ಇವು ಹೇಗೆ ಬಂದವು, ಇವುಗಳಲ್ಲಿ ನಮ್ಮ ಮಕ್ಕಳಿಗೆ ಅಕ್ಷರ ಕೊಟ್ಟದ್ದು ಯಾವುದು, ಮುಂದಿನ ತಲೆಮಾರಿಗೆ ಉಳಿಯುವುದು ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗೋವೆಯಿಂದ ಬಂದ ಮಾತು

ನಮ್ಮ ಪೂರ್ವಜರಲ್ಲಿ ಬಹುಪಾಲು ಜನರು ಗೋವೆಯಿಂದ ಬಂದವರೆಂಬುದು ಎಲ್ಲರಿಗೂ ತಿಳಿದ ವಿಷಯ. ಆದುದರಿಂದ ನಮ್ಮ ಭಾಷೆಯ ಕಥೆಯನ್ನು ಅಲ್ಲಿಂದಲೇ ಪ್ರಾರಂಭಿಸಬೇಕು. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ವಶಪಡಿಸಿಕೊಂಡರು. 1556ರಲ್ಲಿ ಅಲ್ಲಿನ ಸಂತ ಪಾವ್ಲರ ಕಾಲೇಜಿನಲ್ಲಿ ಭಾರತದ ಮೊದಲ ಮುದ್ರಣಯಂತ್ರ ಕೆಲಸ ಮಾಡತೊಡಗಿತು. ಆರಂಭದ ದಿನಗಳಲ್ಲಿ ಧರ್ಮಪ್ರಚಾರಕರು ಜನರ ಭಾಷೆಯನ್ನು ಶ್ರದ್ಧೆಯಿಂದ ಕಲಿತರು. ಅವರಲ್ಲಿ ಅಗ್ರಗಣ್ಯರು ಯೇಸುಸಭೆಯ ಗುರು ಥೋಮಸ್ ಸ್ಟೀಫನ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಇವರು ಮರಾಠಿಯಲ್ಲಿ ರಚಿಸಿದ 'ಕ್ರಿಸ್ತಪುರಾಣ' 1616ರಲ್ಲಿ ರಾಶೋಲಿನಲ್ಲಿ ಮುದ್ರಣಗೊಂಡಿತು. 1619ರಲ್ಲಿ ಅವರು ದೈವಾಧೀನರಾದರು. ಅವರು ಬರೆದಿಟ್ಟ ಕೊಂಕಣಿ ವ್ಯಾಕರಣವು 1640ರಲ್ಲಿ ಅಚ್ಚಾಯಿತು. ಭಾರತೀಯ ಭಾಷೆಗಳ ಅತ್ಯಂತ ಹಳೆಯ ಮುದ್ರಿತ ವ್ಯಾಕರಣಗಳಲ್ಲಿ ಇದೂ ಒಂದು. ಈ ಗ್ರಂಥದಲ್ಲಿ ಕೊಂಕಣಿಯನ್ನು 'ಕನಾರಿಂ' ಎಂದು ಕರೆದಿರುವುದು ಕುತೂಹಲಕರ. ನಮ್ಮ 'ಕೆನರಾ' ಎಂಬ ಹೆಸರಿಗೂ ಆ ಹೆಸರಿಗೂ ಮೂಲ ಒಂದೇ.

ಆದರೆ ಈ ಶ್ರದ್ಧೆ ಬಹುಕಾಲ ಬಾಳಲಿಲ್ಲ. 1684ರ ಜೂನ್ 27ರಂದು ಗೋವೆಯ ವೈಸರಾಯ್ ಅಲ್ವೋರಿನ ಕೌಂಟ್ ಒಂದು ಆಜ್ಞೆಯನ್ನು ಹೊರಡಿಸಿದನು. ಮೂರು ವರ್ಷಗಳೊಳಗೆ ಜನರೆಲ್ಲರೂ ತಮ್ಮ ಮಾತನ್ನು ತೊರೆದು ಪೋರ್ತುಗೀಸ್ ಭಾಷೆಯನ್ನಾಡಬೇಕೆಂಬುದು ಅದರ ಸಾರಾಂಶ. ಜನರ ಭಾಷೆಯನ್ನು ಕಲಿಯಲೊಲ್ಲದ ಕೆಲವು ಗುರುಗಳ ಒತ್ತಾಯವೂ ಇದರ ಹಿಂದೆ ಇತ್ತೆಂಬುದನ್ನು ನಾವು ಮರೆಮಾಡಬೇಕಾಗಿಲ್ಲ. 1745ರಲ್ಲಿ ಅಲ್ಲಿನ ಮಹಾಧರ್ಮಾಧ್ಯಕ್ಷರು ಗುರುಪಟ್ಟ ಬಯಸುವವರಿಗೂ ವಿವಾಹವಾಗಲಿರುವವರಿಗೂ ಪೋರ್ತುಗೀಸ್ ಜ್ಞಾನವನ್ನು ಕಡ್ಡಾಯಗೊಳಿಸಿದರು. ಆಜ್ಞೆಯಿಂದ ಮಾತು ಸಾಯಲಿಲ್ಲ. ಅಡುಗೆಮನೆಯಲ್ಲಿ, ತೊಟ್ಟಿಲ ಬಳಿಯಲ್ಲಿ, ಗದ್ದೆಯ ಬದುವಿನಲ್ಲಿ ಅದು ಜೀವ ಹಿಡಿದುಕೊಂಡಿತು. ಆದರೆ ಶಾಲೆಯಿಂದಲೂ ಗ್ರಂಥದಿಂದಲೂ ಅದನ್ನು ಹೊರಹಾಕಲಾಯಿತು. ತತ್ಪರಿಣಾಮವಾಗಿ ಓದಿದವನು ತನ್ನ ತಾಯಿಯ ಮಾತನ್ನು ಆಳುಗಳ ಮಾತೆಂದು ಭಾವಿಸತೊಡಗಿದನು. 1858ರಲ್ಲಿ ಕುನ್ಹಾ ರಿವಾರಾ ಎಂಬ ಪೋರ್ತುಗೀಸ್ ವಿದ್ವಾಂಸರೇ ಕೊಂಕಣಿಯ ಚರಿತ್ರೆಯನ್ನು ಬರೆದು, ಈ ಅನ್ಯಾಯವನ್ನು ಎತ್ತಿ ತೋರಿಸಿದರು.

ಬರಗಾಲ, ಮರಾಠರೊಂದಿಗಿನ ಯುದ್ಧ, ತೆರಿಗೆಯ ಹೊರೆ, ಇನ್‌ಕ್ವಿಸಿಶನಿನ ಭಯ ಮುಂತಾದ ಕಾರಣಗಳಿಂದ ನಮ್ಮ ಹಿರಿಯರು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಅವರು ಹೊತ್ತುತಂದ ಗಂಟಿನಲ್ಲಿ ಪುಸ್ತಕಗಳಿದ್ದುದು ಅಪರೂಪ. ಕಂಠಪಾಠವಾದ ಜಪಗಳು, ರೋಸ್ ದಿನದ ವೊವಿಯೊಗಳು, ಗಾದೆಗಳು, ಇವೇ ಅವರ ಸಾಹಿತ್ಯ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ದೇವಾಲಯಗಳು ನೆಲಸಮವಾದವು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರಲ್ಲಿ ಉಳಿದಿದ್ದುದು ನೆನಪಿನಲ್ಲಿದ್ದ ಪ್ರಾರ್ಥನೆ ಮಾತ್ರ. ಬರೆಯದ ಭಾಷೆಗೂ ಎಂತಹ ಶಕ್ತಿ ಇದೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಲವು ಜನ, ಒಂದು ಲಿಪಿ

ನಮ್ಮ ಹಿರಿಯರು ಬಂದು ನೆಲೆಸಿದ ನಾಡು ಬರಿದಾಗಿರಲಿಲ್ಲ. ಇಂದಿನ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳು ಸೇರಿದ ಆ ಹಳೆಯ ಜಿಲ್ಲೆಯಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಶಿವಳ್ಳಿ ಬ್ರಾಹ್ಮಣರು ಮೊದಲಾದವರ ಮನೆಮಾತು ತುಳು. ಉತ್ತರದಲ್ಲಿ ಕುಂದಾಪುರದ ಕನ್ನಡ, ದಕ್ಷಿಣದಲ್ಲಿ ಮಲಯಾಳ, ಹವ್ಯಕರಿಗೆ ತಮ್ಮದೇ ಬಗೆಯ ಕನ್ನಡ, ಬ್ಯಾರಿಗಳಿಗೆ ಬ್ಯಾರಿಭಾಷೆ, ಕೊರಗರಿಗೆ ಕೊರಗಭಾಷೆ. ನಮಗಿಂತ ಮೊದಲೇ ಗೋವೆಯಿಂದ ಬಂದು ನೆಲೆಸಿದ ಸಾರಸ್ವತರದು ನಮ್ಮದೇ ಕೊಂಕಣಿಯ ಇನ್ನೊಂದು ರೂಪ. ಒಬ್ಬ ಸಾಮಾನ್ಯ ರೈತನು ಮೂರು ಭಾಷೆಗಳನ್ನು ಬಲ್ಲವನಾಗಿದ್ದನು. ಅದನ್ನು ಅವನು ಪಾಂಡಿತ್ಯವೆಂದು ಎಣಿಸಿದವನೇ ಅಲ್ಲ.

ಇಷ್ಟೊಂದು ಮಾತುಗಳ ನಡುವೆ ಬರವಣಿಗೆಯ ಭಾಷೆಯಾಗಿದ್ದುದು ಕನ್ನಡ. ಇದು ಬ್ರಿಟಿಷರು ತಂದ ವ್ಯವಸ್ಥೆಯಲ್ಲ. ತುಳುನಾಡನ್ನಾಳಿದ ಅಳುಪರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ. ಮೂಡಬಿದಿರೆಯ ರತ್ನಾಕರವರ್ಣಿ ಕಾವ್ಯ ಬರೆದದ್ದು ಕನ್ನಡದಲ್ಲಿ. ತುಳುವರ ಬಯಲಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನದ ಪ್ರಸಂಗಗಳೂ ಕನ್ನಡದವೇ. ತುಳುವಿಗೆ ತಿಗಳಾರಿಯೆಂಬ ಲಿಪಿ ಇದ್ದಿತಾದರೂ ಅದು ಹೆಚ್ಚಾಗಿ ಸಂಸ್ಕೃತ ಗ್ರಂಥಗಳ ನಕಲಿಗಾಗಿ ಕೆಲವೇ ಮನೆತನಗಳಲ್ಲಿ ಬಳಕೆಯಲ್ಲಿತ್ತು. ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳೂರಿ ಬರೆದ ಬಾಲಕನು ಕಲಿತದ್ದು ಕನ್ನಡದ ಓನಾಮವನ್ನೇ.

1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿತು. ಥೋಮಸ್ ಮನ್ರೋ ಅದರ ಮೊದಲ ಕಲೆಕ್ಟರರು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಯಿತು. ನಾವು ಮದರಾಸಿನಲ್ಲೇ ಉಳಿದೆವು. ಈ ನಡುವೆ ಶಿಕ್ಷಣದ ಬಗ್ಗೆ ಬ್ರಿಟಿಷ್ ಸರಕಾರದಲ್ಲಿ ಎರಡು ಮನಸ್ಸು ಇತ್ತು. 1835ರಲ್ಲಿ ಮೆಕಾಲೆಯು ಇಂಗ್ಲಿಷನ್ನು ಎತ್ತಿಹಿಡಿದನು. 1854ರ ವುಡ್‌ರವರ ಆದೇಶಪತ್ರವು ಉನ್ನತ ಶಿಕ್ಷಣಕ್ಕೆ ಇಂಗ್ಲಿಷ್, ಸಾಮಾನ್ಯ ಜನರ ಶಿಕ್ಷಣಕ್ಕೆ ದೇಶಭಾಷೆ ಎಂದು ಹಂಚಿಕೊಟ್ಟಿತು; ಖಾಸಗಿ ಶಾಲೆಗಳಿಗೆ ಸಹಾಯಧನ ನೀಡುವ ಪದ್ಧತಿಗೂ ದಾರಿ ಮಾಡಿತು. ನಮ್ಮ ಇಗರ್ಜಿ ಶಾಲೆಗಳು ಊರೂರಿಗೆ ಹಬ್ಬಲು ಈ ಸಹಾಯಧನ ಬಹಳ ನೆರವಾಯಿತು. ಆದರೆ ಅಂದಿನಿಂದಲೇ ದೇಶಭಾಷೆ ಬಡವನಿಗೆ, ಇಂಗ್ಲಿಷ್ ಅಧಿಕಾರಿಗೆ ಎಂಬ ಭಾವನೆಯೂ ಬೇರೂರಿತು.

ಬಾಸೆಲ್ ಮಿಶನಿನವರ ಉಪಕಾರ

ಕರಾವಳಿಯ ಅಕ್ಷರ ಚರಿತ್ರೆಯಲ್ಲಿ ನಮ್ಮ ಪ್ರೊಟೆಸ್ಟಂಟ್ ಸಹೋದರರ ಹೆಸರನ್ನು ಕೃತಜ್ಞತೆಯಿಂದ ಹೇಳದೆ ವಿಧಿಯಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1836ರಲ್ಲಿ ಕನ್ನಡ ಶಾಲೆಯನ್ನು ತೆರೆದರು. 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ ಇದೇ.

ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ತುಳುವನ್ನು ಅವರು ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಿದರು. 1847ರಲ್ಲಿ ತುಳು ಹೊಸ ಒಡಂಬಡಿಕೆ, 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣ, 1886ರಲ್ಲಿ ಮ್ಯಾನ್ನರರ ತುಳು ನಿಘಂಟು ಪ್ರಕಟವಾದವು. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಬಂದಿತು. ಅಕ್ಷರ ಒಂದು, ಭಾಷೆ ಎರಡು! ಕನ್ನಡ ಓದಲು ಕಲಿತ ತುಳುವನು ಬೇರೆ ಲಿಪಿಯನ್ನು ಕಲಿಯದೆಯೇ ತನ್ನ ಮನೆಮಾತನ್ನು ಓದಬಲ್ಲವನಾದನು.

ಕೊಂಕಣಿಗೂ ಇದೇ ಭಾಗ್ಯ ಒದಗಿತು. 1878ರ ಡಿಸೆಂಬರ್ ಕೊನೆಯ ದಿನ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಅವರ ಪೈಕಿ ಇಟಲಿಯ ವಂದನೀಯ ಅಂಜೆಲೊ ಮಫೇಯಿಯವರು ನಮ್ಮ ಮಾತನ್ನು ಕಲಿತು, 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಇವೆರಡೂ ಅಚ್ಚಾದದ್ದು ಬಾಸೆಲ್ ಮಿಶನಿನ ಮುದ್ರಣಾಲಯದಲ್ಲಿ! ಕ್ರೈಸ್ತ ಐಕ್ಯದ ಬಗ್ಗೆ ಯಾರೂ ಭಾಷಣ ಮಾಡದ ಆ ಕಾಲದಲ್ಲಿ ಒಬ್ಬ ಕಥೋಲಿಕ ಗುರುವಿನ ಪುಸ್ತಕವನ್ನು ಪ್ರೊಟೆಸ್ಟಂಟರ ಯಂತ್ರ ಅಚ್ಚುಮಾಡಿತು. ಮುಂದೆ 1938ರಲ್ಲಿ ಮೊನ್ಸಿಞೊರ್ ಸಿಲ್ವೆಸ್ಟರ್ ಮಿನೇಜಸರು 'ರಾಕ್ಣೊ' ವಾರಪತ್ರಿಕೆಯನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ಪ್ರಾರಂಭಿಸಿದಾಗ ಅದಕ್ಕೆ ಓದುಗರು ಸಿದ್ಧರಾಗಿಯೇ ಇದ್ದರು. ಅವರನ್ನು ಸಿದ್ಧಪಡಿಸಿದ್ದು ಯಾರು? ಇಗರ್ಜಿಯ ಪಕ್ಕದ ಕನ್ನಡ ಶಾಲೆಗಳು.

ಇಗರ್ಜಿಯ ಪಕ್ಕದ ಶಾಲೆ

ಪಟ್ಟಣದಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಪ್ರಾರಂಭವಾಯಿತು. ಅದಕ್ಕೂ ಮೊದಲು, 1870ರಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಸ್ತಿವಾರ ಹಾಕಿದರು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ತಲೆಯೆತ್ತಿತು. ಇಲ್ಲಿ ಇಂಗ್ಲಿಷ್ ಕಲಿತವರು ವಕೀಲರಾದರು, ವೈದ್ಯರಾದರು, ಗುಮಾಸ್ತರಾಗಿ ಮುಂಬಯಿ ಮದರಾಸುಗಳಿಗೆ ಹೋದರು.

ಹಳ್ಳಿಯ ಚಿತ್ರ ಬೇರೆ. ಅಲ್ಲಿ ಇಗರ್ಜಿಯ ಪಕ್ಕದ ಹಂಚಿನ ಮಾಡಿನ ಪ್ರಾಥಮಿಕ ಶಾಲೆಯೇ ವಿದ್ಯಾಲಯ. ಅದರ ಬೆಂಚಿನ ಮೇಲೆ ನಮ್ಮ ಮಕ್ಕಳೊಂದಿಗೆ ಬಂಟರ, ಬಿಲ್ಲವರ, ಬ್ಯಾರಿಗಳ ಮಕ್ಕಳೂ ಕುಳಿತರು. ಮನೆಯಲ್ಲಿ ಯಾವ ಮಾತನ್ನಾಡಿದರೂ ಸರಿ, ಸ್ಲೇಟಿನ ಮೇಲೆ ಎಲ್ಲರೂ ಬರೆದದ್ದು ಕನ್ನಡವನ್ನೇ. ಕನ್ನಡ ಅಲ್ಲಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಆದುದರಿಂದಲೇ ಎಲ್ಲರದೂ ಆಯಿತು. ದೊತೊರ್ನ್ ಕೊಂಕಣಿಯಲ್ಲಿ, ಪಾಠ ಕನ್ನಡದಲ್ಲಿ, ಆಟ ತುಳುವಿನಲ್ಲಿ. ಹೀಗೆ ಬೆಳೆದ ಮಗುವಿಗೆ ಯಾವ ಭಾಷೆಯೂ ಶತ್ರುವಾಗಲಿಲ್ಲ.

ಈ ನೆಲದ ದೊಡ್ಡ ಕನ್ನಡ ಸಾಹಿತಿಗಳಲ್ಲಿ ಕೆಲವರ ಮನೆಮಾತು ಕನ್ನಡವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಕ್ಕಳ ಸಾಹಿತ್ಯಕ್ಕೆ ಹೊಸ ದಾರಿ ತೋರಿದ, ಉಪಾಧ್ಯಾಯರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ನಮ್ಮ ಪ್ರಭುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಕಾವ್ಯವನ್ನು ಕನ್ನಡಕ್ಕೆ ಕೊಟ್ಟವರು ಇವರೇ ಎಂಬುದು ನಮಗೆ ವಿಶೇಷ ಸಂತೋಷದ ಸಂಗತಿ.

ಹೊರಗೆ ನಿಂತವರು

ಆದರೂ ಈ ಚಿತ್ರಕ್ಕೆ ಕಪ್ಪು ಅಂಚೊಂದಿದೆ. ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತರೆಂದು ಹೇಳಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಕ್ಕಳಿಗೆ ಬಹುಕಾಲ ಶಾಲೆಯ ಜಗಲಿಯೂ ಸಿಗಲಿಲ್ಲ. 1892ರಲ್ಲಿ ಮಂಗಳೂರಿನಲ್ಲಿ ಈ ಮಕ್ಕಳಿಗಾಗಿ ಶಾಲೆ ತೆರೆದವರು ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾಯರು. ಅದಕ್ಕಾಗಿ ಸ್ವಜಾತಿಯವರಿಂದಲೇ ಬಹಿಷ್ಕಾರವನ್ನುಂಡರೂ ಅವರು ಹಿಂಜರಿಯಲಿಲ್ಲ. ಕೊರಗರ ಮಗುವಿಗಂತೂ ತುಳುವೇ ನೆರೆಯವರ ಭಾಷೆ, ಕನ್ನಡ ಅದಕ್ಕಿಂತಲೂ ದೂರದ್ದು. ಎರಡು ಹೊಳೆ ದಾಟಿ ಶಾಲೆಗೆ ಬರಬೇಕಾದ ಮಗುವಿನಂತೆ ಎರಡು ಭಾಷೆ ದಾಟಿ ಅಕ್ಷರಕ್ಕೆ ಬರಬೇಕಾದ ಮಗುವಿನ ಕಷ್ಟವನ್ನು ನಮ್ಮ ಶಿಕ್ಷಣ ಪದ್ಧತಿ ಆಗಲೂ ಸಾಕಷ್ಟು ಅರಿಯಲಿಲ್ಲ, ಈಗಲೂ ಅರಿತಿಲ್ಲ. ಶಾಲೆಯ ಭಾಷೆ ಯಾವುದಿರಬೇಕೆಂದು ವಾದಿಸುವಾಗ, ನಮ್ಮ ವಾದ ಕೇಳಲು ಬಾರದೆ ಹೊರಗೆ ನಿಂತಿರುವ ಮಗು ಯಾವುದೆಂದು ಮೊದಲು ನೋಡಬೇಕು.

ಗಡಿಗಳೂ ಮನ್ನಣೆಗಳೂ

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ರಾಷ್ಟ್ರಕವಿಯ ಮಂಜೇಶ್ವರವೂ ಗಡಿಯಾಚೆ ಉಳಿಯಿತು. ಅಲ್ಲಿನ ಕನ್ನಡ ಶಾಲೆಗಳು ಅಂದಿನಿಂದ ಅಲ್ಪಸಂಖ್ಯಾತರ ಶಾಲೆಗಳಾದವು. ಅದೇ ವರ್ಷ ಸಂವಿಧಾನಕ್ಕೆ ಸೇರಿಸಲಾದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಒಂದು ಗೆರೆ ಎಳೆದ ಮಾತ್ರಕ್ಕೆ ಒಂದೇ ಶಾಲೆ ಬಹುಸಂಖ್ಯಾತರದಾಗಿದ್ದದ್ದು ಅಲ್ಪಸಂಖ್ಯಾತರದಾಗುತ್ತದೆ ಎಂಬುದನ್ನು ನಮ್ಮ ಕಣ್ಣಮುಂದಿನ ಚರಿತ್ರೆಯೇ ಕಲಿಸಿದೆ.

ಧರ್ಮಸಭೆಯೊಳಗೂ ದೊಡ್ಡ ಬದಲಾವಣೆ ಬಂದಿತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ಆರಾಧನಾವಿಧಿಯ ಕುರಿತ ಶಾಸನವು ಬಲಿಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಹೀಗೆ 1684ರಲ್ಲಿ ಆಜ್ಞೆಯಿಂದ ತಳ್ಳಲ್ಪಟ್ಟ ಮಾತು ಬಲಿಪೀಠವನ್ನೇರಿತು. ಮುಂದೆ 1975ರಲ್ಲಿ ಸಾಹಿತ್ಯ ಅಕಾಡೆಮಿಯು ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯ ಭಾಷೆಯೆಂದು ಮನ್ನಿಸಿತು. 1987ರಲ್ಲಿ ಅದು ಗೋವೆಯ ರಾಜಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. 1994ರಲ್ಲಿ ಕರ್ನಾಟಕ ಸರಕಾರ ಕೊಂಕಣಿ ಮತ್ತು ತುಳು ಅಕಾಡೆಮಿಗಳನ್ನೂ, 2009ರಲ್ಲಿ ಬ್ಯಾರಿ ಅಕಾಡೆಮಿಯನ್ನೂ ಸ್ಥಾಪಿಸಿತು. ಕರ್ನಾಟಕದ ಶಾಲೆಗಳಲ್ಲಿ ಕೊಂಕಣಿಯನ್ನೂ ತುಳುವನ್ನೂ ಆರನೆಯ ತರಗತಿಯಿಂದ ಐಚ್ಛಿಕ ಮೂರನೆಯ ಭಾಷೆಯಾಗಿ ಕಲಿಯಲು ಅವಕಾಶ ದೊರೆತಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 22.56 ಲಕ್ಷ ಜನರು ಕೊಂಕಣಿಯನ್ನೂ 18.46 ಲಕ್ಷ ಜನರು ತುಳುವನ್ನೂ ತಮ್ಮ ಮಾತೃಭಾಷೆಯೆಂದು ಬರೆಯಿಸಿದ್ದಾರೆ.

ಮನ್ನಣೆಯ ಪಟ್ಟಿಯನ್ನು ನೋಡಿ ಸಂತೋಷಪಡೋಣ. ಆದರೆ ಮನ್ನಣೆ ಬೇರೆ, ಬಳಕೆ ಬೇರೆ.

ಇಂದಿನ ಪ್ರಶ್ನೆ

ಕಳೆದ ಕೆಲವು ದಶಕಗಳಲ್ಲಿ ನಮ್ಮ ಎಷ್ಟೋ ಕನ್ನಡ ಮಾಧ್ಯಮ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿವೆ. ಅದೇ ಆವರಣದಲ್ಲಿ ಇಂಗ್ಲಿಷ್ ಮಾಧ್ಯಮದ ಕಟ್ಟಡಗಳು ಎದ್ದಿವೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆ ತಂದೆತಾಯಿಗಳಿಗೆ ಸೇರಿದ್ದೆಂದೂ, ಸರಕಾರ ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರಲಾಗದೆಂದೂ ತೀರ್ಪಿತ್ತಿತು. ಇಂಗ್ಲಿಷಿನಿಂದ ಬಡ ಕುಟುಂಬಗಳು ಮೇಲೆ ಬಂದುದನ್ನು ನಾವು ಕಂಡಿದ್ದೇವೆ. ಮುಂಬಯಿಯ ಕಚೇರಿಗೂ, ಹಡಗಿನ ಕೆಲಸಕ್ಕೂ, ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳಿಗೂ ದಾರಿ ತೆರೆದದ್ದು ಆ ಭಾಷೆ. ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ಕೂಲಿಕಾರನನ್ನು ದೂಷಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ನಾವು ಇಂಗ್ಲಿಷ್ ಓದಿದವರೇ ಅಲ್ಲವೇ?

ಆದರೆ ಹಿಂದಿನ ಕನ್ನಡ ಶಾಲೆಗೂ ಇಂದಿನ ಶಾಲೆಗೂ ಒಂದು ಮುಖ್ಯ ಅಂತರವಿದೆ. ಹಿಂದಿನ ಶಾಲೆ ಕೊಂಕಣಿಯನ್ನು ಕಲಿಸಲಿಲ್ಲ, ತುಳುವನ್ನೂ ಕಲಿಸಲಿಲ್ಲ. ಆದರೂ ಅದು ಕೊಟ್ಟ ಅಕ್ಷರಗಳಿಂದ ಮಗು ಮನೆಗೆ ಬಂದು 'ರಾಕ್ಣೊ' ಓದಬಲ್ಲದಾಗಿತ್ತು, ಅಜ್ಜಿಯ ಜಪದ ಪುಸ್ತಕ ಓದಬಲ್ಲದಾಗಿತ್ತು, ಸಿಮಿತ್ರಿಯ ಕಲ್ಲಿನ ಮೇಲಿನ ಹೆಸರನ್ನು ಓದಬಲ್ಲದಾಗಿತ್ತು. ಶಾಲೆಯ ಅಕ್ಷರಕ್ಕೂ ಮನೆಯ ಮಾತಿಗೂ ಸೇತುವೆ ಇತ್ತು. 2015ರ ಕಾನೂನಿನಂತೆ ನಮ್ಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು. ಆದರೆ ಪರೀಕ್ಷೆಗಾಗಿ ಕಲಿತದ್ದು ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಇಂದು ಅನೇಕ ಯುವಕರು ವಾಚನ ಓದಲು ಬಂದಾಗ ಕೊಂಕಣಿಯನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಂಡು ಬರುತ್ತಾರೆ. ಅವರ ಭಕ್ತಿಯಲ್ಲಿ ಕೊರತೆಯಿಲ್ಲ, ಮಾತಿನಲ್ಲೂ ಕೊರತೆಯಿಲ್ಲ. ಆದರೆ ನೂರೈವತ್ತು ವರ್ಷಗಳ ಬರವಣಿಗೆಯ ಬಾಗಿಲು ಅವರ ಪಾಲಿಗೆ ಮುಚ್ಚಿಕೊಳ್ಳುತ್ತಿದೆ. ಗೋವೆಯಲ್ಲಿ ವೈಸರಾಯನ ಆಜ್ಞೆ ಸಾಧಿಸಲಾಗದ್ದನ್ನು ಇಲ್ಲಿ ನಮ್ಮ ಉದಾಸೀನತೆ ಸಾಧಿಸೀತು.

ಇದಕ್ಕೆ ಪರಿಹಾರ ದೊಡ್ಡ ಹಣದ್ದಲ್ಲ. ಮೂರು ಸಣ್ಣ ಕೆಲಸಗಳನ್ನು ಈ ಶತಮಾನೋತ್ಸವ ವರ್ಷದಲ್ಲಿ ನಮ್ಮ ಧರ್ಮಕೇಂದ್ರ ಕೈಗೊಳ್ಳಬಹುದು. ಮೊದಲನೆಯದಾಗಿ, ಭಾನುವಾರದ ದೊತೊರ್ನ್ ತರಗತಿಯಲ್ಲಿ ಕಾಲು ಗಂಟೆ ಕನ್ನಡ ಲಿಪಿಯ ಜಪದ ಪುಸ್ತಕವನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸುವುದು. ಎರಡನೆಯದಾಗಿ, ವಾರ್ಡುಗಳಲ್ಲಿ ಗುರ್ಕಾರರು ಮುಂದೆ ನಿಂತು, ಹಿರಿಯರ ಬಾಯಲ್ಲಿರುವ ವೊವಿಯೊ, ಗಾದೆ, ಹಳೆಯ ಕಂತಾರಗಳನ್ನು ಬರೆಸಿಡುವುದು. ಮೂರನೆಯದಾಗಿ, ನೆರೆಯವರ ತುಳುವನ್ನೂ ಬ್ಯಾರಿಯನ್ನೂ ನಮ್ಮ ಮಕ್ಕಳು ಸಂಕೋಚವಿಲ್ಲದೆ ಆಡುವಂತೆ ಬಿಡುವುದು. ಶಾಲೆಯ ಅಂಗಳದಲ್ಲಿ ಮನೆಮಾತನ್ನಾಡಿದ ಮಗುವಿಗೆ ದಂಡ ವಿಧಿಸುವ ಪದ್ಧತಿ ಎಲ್ಲಿ ಇದ್ದರೂ ಅದನ್ನು ನಿಲ್ಲಿಸುವುದು.

ಪಂಚಾಶತ್ತಮ ದಿನದಂದು ಯೆರೂಸಲೇಮಿನಲ್ಲಿ ನೆರೆದಿದ್ದ ಹಲವು ದೇಶಗಳ ಜನರು ತಮ್ಮ ತಮ್ಮ ಭಾಷೆಯಲ್ಲೇ ಶುಭಸಂದೇಶವನ್ನು ಕೇಳಿದರು. ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆಯನ್ನು ಕಲಿಸಲಿಲ್ಲ. ಪ್ರತಿಯೊಬ್ಬನ ಮನೆಮಾತನ್ನೇ ಗೌರವಿಸಿದರು. ಹಲವು ಮಾತುಗಳ ಈ ಕರಾವಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ನಮ್ಮ ಹಿರಿಯರು ಪುಸ್ತಕವಿಲ್ಲದೆ ಮಾತನ್ನು ಉಳಿಸಿದರು. ಅವರ ಮಕ್ಕಳು ನೆರೆಯವರ ಅಕ್ಷರವನ್ನು ಪ್ರೀತಿಯಿಂದ ಎರವಲು ಪಡೆದು ಆ ಮಾತಿಗೆ ಪುಸ್ತಕ ಕೊಟ್ಟರು. ಮಾತನ್ನೂ ಅಕ್ಷರವನ್ನೂ ಕೂಡಿಸಿ ಮುಂದಿನ ನೂರು ವರ್ಷಗಳಿಗೆ ದಾಟಿಸುವ ಹೊಣೆ ಈಗ ನಮ್ಮದು. ಆ ಹೊಣೆಯನ್ನು ಹೊರುವ ಮನಸ್ಸನ್ನೂ ಬಲವನ್ನೂ ದಯಾಮಯನಾದ ದೇವರು ನಮಗೆ ಅನುಗ್ರಹಿಸಲಿ.